ತೋಡಾರಿನ ಜಪಾನಿ ಅಜ್ಜಿ

ದಮಯಂತಿಯ ಕೆಲಸ ಮಲಗುವುದು. ಬಿಡಿಸಿ ಹೇಳಿದರೂ ಯಾರೂ ನಂಬುವುದಿಲ್ಲವೆಂದು ಅವಳು ಬಿಡಿಸಿ ಹೇಳುವ ಗೋಜಿಗೇ ಹೋಗುತ್ತಿರಲಿಲ್ಲ. ಬೆಳಿಗ್ಗೆ ಒಗೆದ ಸೀರೆ ಉಟ್ಟು, ತಲೆ ಬಾಚಿ, ಬುತ್ತಿಯ ಚೀಲ ಹಿಡಿದು ತೋಡಾರಿನ ಬಸ್ ಸ್ಟಾಪಿನಲ್ಲಿ ನಿಂತರೆ ಗೂಡಂಗಡಿಯ ಸುಲೈಮಾನ್, ಜಪಾನಿ ಅಜ್ಜಿ ಡ್ಯೂಟಿಗೆ ಹೊರಟಿತು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದ. ಅಜ್ಜಿಯಾಗುವ ವಯಸ್ಸೇನೂ ಅವಳಿಗೆ ಆಗಿರಲಿಲ್ಲ. ಮದುವೆಯೇ ಆಗದವಳಿಗೆ ಮೊಮ್ಮಕ್ಕಳು ಎಲ್ಲಿಂದ? ಆದರೂ ಆ ತಮಾಷೆಗೆ ಅವಳು ಮನಸ್ಸಿಟ್ಟು ನಗುತ್ತಿದ್ದಳು. ಅದಕ್ಕೆ ಮುಂಚೆ ಎಷ್ಟೋ ಕಾಲ ಅದೇ ಸ್ಟಾಪಿನಲ್ಲಿ ಅವಳು ನಿಂತದ್ದೂ ಹೋದದ್ದೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮೂಡುಬಿದಿರೆ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ಒಂದು ಟೈಲರ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಶಬ್ನಾ ಜಪಾನಿ ಭಾಷೆಯ ತರಗತಿ ನಡೆಸುತ್ತಿದ್ದಳು. ಪಾಣೆಮಂಗಳೂರಿನವಳು. ಗಂಡ ಹಾರಿಸ್‌ನ ಜೊತೆ ಜಪಾನಿಗೆ ಹೋಗಿ, ಅಲ್ಲಿನ ಒಂದು ವೃದ್ಧರ ಮನೆಯಲ್ಲಿ ಕೆಲವು ವರ್ಷ ಕೆಲಸ ಮಾಡಿ ಬಂದಿದ್ದಳು. ಆ ದೇಶದಲ್ಲಿ ಮುದುಕರು ಜಾಸ್ತಿ, ನೋಡಿಕೊಳ್ಳುವವರು ಕಡಿಮೆ. ನಮ್ಮ ಕಡೆ ನರ್ಸಿಂಗ್ ಕಲಿತು ಮನೆಯಲ್ಲಿ ಕೂತ ಹುಡುಗಿಯರಿಗೆ ಬರವಿಲ್ಲ. ಬಂಟ್ವಾಳ, ಬೆಳ್ತಂಗಡಿಯ ಹಳ್ಳಿಗಳಿಂದ ಹುಡುಗಿಯರು ಎರಡು ಬಸ್ಸು ಹತ್ತಿ ಅವಳ ತರಗತಿಗೆ ಬರುತ್ತಿದ್ದರು. ಅವರು ಭಾಷೆ ಕಲಿತರೆ ಸಾಲದು. ಮುದುಕರನ್ನು ಎಬ್ಬಿಸುವುದು, ಕೂರಿಸುವುದು, ಉಣಿಸುವುದು, ಮೈ ಒರೆಸುವುದು ಎಲ್ಲವೂ ಜಪಾನಿನ ಕ್ರಮದಲ್ಲೇ ಆಗಬೇಕು. ಅದರ ಅಭ್ಯಾಸಕ್ಕೆ ಒಂದು ಮುದುಕಿ ಬೇಕಲ್ಲ. ಆ ಮುದುಕಿಯೇ ದಮಯಂತಿ.

ಅದಕ್ಕೆ ಮೊದಲು ಅವಳು ಬೀಡಿ ಕಟ್ಟುತ್ತಿದ್ದಳು. ಶಾಲೆ ಬಿಟ್ಟ ವರ್ಷ ಮಡಿಲಿಗೆ ಬಂದ ಸೂಪು, ಎಲೆ ಹುಡಿ ಇಟ್ಟುಕೊಳ್ಳುವ ಆ ಮೊರ, ಕೂದಲು ಹಣ್ಣಾಗತೊಡಗುವ ತನಕ ಕೆಳಗಿಳಿಯಲಿಲ್ಲ. ತಂಗಿಯಂದಿರ ಮದುವೆ ನಡೆದದ್ದು ಆ ಸೂಪಿನಿಂದ. ತನ್ನ ಮದುವೆಯ ಮಾತು ಬಂದಾಗಲೆಲ್ಲ ಅಡ್ಡ ಬಂದದ್ದೂ ಅದೇ ಸೂಪು. ಬೇಸರವೇನೂ ಇರಲಿಲ್ಲ, ಯಾಕೆಂದರೆ ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟ ಕೂಡಲೇ ಆಚೀಚೆ ಮನೆಯ ಹೆಂಗಸರೆಲ್ಲ ತಮ್ಮ ತಮ್ಮ ಸೂಪು ಹಿಡಿದು ಅವಳ ಜಗಲಿಗೆ ಬರುತ್ತಿದ್ದರು. ಐಸಮ್ಮ ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಎಲೆ ಬಿಚ್ಚಿ ಅಳತೆಗೆ ಕತ್ತರಿಸುತ್ತಿದ್ದಳು. ವಾರಿಜ ವಾರಪತ್ರಿಕೆಯ ಧಾರಾವಾಹಿಯನ್ನು ಗಟ್ಟಿಯಾಗಿ ಓದುತ್ತಿದ್ದಳು. ಉಳಿದವರು ಎಲೆಗೆ ಹೊಗೆಸೊಪ್ಪಿನ ಹುಡಿ ಹಾಕಿ, ಸುತ್ತಿ, ಬಾಯಿ ಮಡಚಿ, ನೂಲು ಕಟ್ಟುತ್ತ ಕಥೆಯ ನಾಯಕಿಗೆ ಬೈಯುತ್ತಿದ್ದರು. ಬೀಡಿ ಕಟ್ಟುವವರ ಕಣ್ಣು ಕೈಯ ಮೇಲೆ ಇರಬೇಕೆಂದಿಲ್ಲ. ಕೈ ಅದರ ಪಾಡಿಗೆ ಅದು ದುಡಿಯುತ್ತದೆ, ಬಾಯಿ ಅದರ ಪಾಡಿಗೆ ಅದು.

ಆಮೇಲೆ ಬೀಡಿ ಎಳೆಯುವವರು ಕಡಿಮೆಯಾದರು. ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ಎಲೆ ಕೊಡುವುದು ಮೊದಲು ಅಪರೂಪವಾಯಿತು, ಕೊನೆಗೆ ಬ್ರಾಂಚೇ ಮುಚ್ಚಿತು. ಐಸಮ್ಮ ಬಂಟ್ವಾಳದ ಮಗಳ ಮನೆಗೆ ಹೋದಳು. ವಾರಿಜ ಮೂಡುಬಿದಿರೆಯ ಹಾಸ್ಟೆಲಿನ ಅಡುಗೆಮನೆ ಸೇರಿದಳು. ಉಳಿದವರ ಮನೆಗಳೇನೂ ದೂರವಿರಲಿಲ್ಲ. ಆದರೆ ಸೂಪು ಇಲ್ಲದೆ ಬರಿಗೈಯಲ್ಲಿ ಬಂದು ಜಗಲಿಯಲ್ಲಿ ಕೂರುವುದು ಯಾರಿಗೂ ಅಭ್ಯಾಸವಿಲ್ಲ. ಸುಮ್ಮನೆ ಕೂರಲಿಕ್ಕೆ ಬಂದವಳು ಎಂದು ಹೇಳಿಸಿಕೊಳ್ಳುವುದೆಂದರೆ ನಮ್ಮ ಹೆಂಗಸರಿಗೆ ದೊಡ್ಡ ಅವಮಾನ. ಜಗಳವಾಗಿ ಬಿಟ್ಟು ಹೋಗಿದ್ದರೆ ಒಂದಲ್ಲ ಒಂದು ದಿನ ರಾಜಿಯಾಗಬಹುದಿತ್ತು. ಜಗಳವೇ ಆಗಲಿಲ್ಲ, ಹಾಗಾಗಿ ರಾಜಿಗೂ ದಾರಿ ಇರಲಿಲ್ಲ.

ಕೈಗೆ ಮಾತ್ರ ಬ್ರಾಂಚು ಮುಚ್ಚಿದ್ದು ಗೊತ್ತೇ ಆಗಲಿಲ್ಲ. ಬಸ್ಸಿನಲ್ಲಿ ಕೂತರೆ, ಟಿವಿ ನೋಡಿದರೆ, ಅಕ್ಕಿ ಬೇಯಲು ಇಟ್ಟು ಒಲೆಯ ಮುಂದೆ ನಿಂತರೆ ಅವಳ ಬೆರಳುಗಳು ಇಲ್ಲದ ಎಲೆಯನ್ನು ಸುತ್ತುತ್ತಿದ್ದವು. ಹೆಬ್ಬೆರಳು ಉರುಳಿಸುತ್ತಿತ್ತು, ತೋರುಬೆರಳು ಬಾಯಿ ಮಡಚುತ್ತಿತ್ತು, ಕಿರುಬೆರಳು ಇಲ್ಲದ ನೂಲನ್ನು ಎಳೆಯುತ್ತಿತ್ತು. ಒಮ್ಮೆ ಬಂದ ತಂಗಿ ಅದನ್ನು ನೋಡಿ, ಡಾಕ್ಟರಿಗೆ ತೋರಿಸು, ನೋಡಿದವರು ಏನಾದರೂ ಹೇಳಿಯಾರು ಎಂದಳು. ನೋಡುವವರು ಯಾರಿದ್ದಾರೆ ಎಂದು ಕೇಳಬೇಕೆಂದಿದ್ದ ದಮಯಂತಿ ಕೇಳದೆ, ತಂಗಿಗೆ ಚಾ ಮಾಡಿಕೊಟ್ಟಳು.

ಕೆಲಸದ ಸುದ್ದಿ ತಂದವಳು ವಾರಿಜ. ಒಬ್ಬ ಟೀಚರಿಗೆ ಮಲಗಲಿಕ್ಕೆ ಒಬ್ಬಳು ಹೆಂಗಸು ಬೇಕಂತೆ, ಸಂಬಳ ಉಂಟಂತೆ ಎಂದು ವಾರಿಜ ಅರ್ಧ ಮಾತು ಹೇಳುವಷ್ಟರಲ್ಲಿ ದಮಯಂತಿ ಸಿಟ್ಟಿನಿಂದ ಫೋನು ಇಟ್ಟಿದ್ದಳು. ಉಳಿದರ್ಧ ಹೇಳಲಿಕ್ಕೆ ವಾರಿಜ ಅಡುಗೆಮನೆಗೆ ರಜೆ ಹಾಕಿ ತೋಡಾರಿಗೇ ಬರಬೇಕಾಯಿತು. ಬಹಳ ದಿನದ ಮೇಲೆ ಅವಳು ಮನೆಗೆ ಬಂದಳಲ್ಲ ಎಂಬ ಸಂತೋಷಕ್ಕೇ ದಮಯಂತಿ ಕೆಲಸ ಒಪ್ಪಿಕೊಂಡಳು.

ಮೊದಲ ದಿನಗಳಲ್ಲಿ ಅವಳಷ್ಟು ಕೆಟ್ಟ ರೋಗಿ ಇನ್ನೊಬ್ಬಳಿರಲಿಕ್ಕಿಲ್ಲ. ಅವಳ ಬಲಭಾಗಕ್ಕೆ ಪಕ್ಷವಾತ ಎಂದು ಶಬ್ನಾ ತೀರ್ಮಾನಿಸಿದ್ದಳು. ಮೋಕ್ಷಿತಾ ಎಂಬ ಹುಡುಗಿ, ಬೆಳ್ತಂಗಡಿ ಕಡೆಯಿಂದ ಬರುವ ರಬ್ಬರ್ ಟ್ಯಾಪರನ ಮಗಳು, ಬೆನ್ನಿನ ಹಿಂದೆ ಕೈ ಹಾಕಿ ಎಬ್ಬಿಸಲು ಬಗ್ಗಿದರೆ ದಮಯಂತಿ ತಾನಾಗಿ ಎದ್ದು ಕೂತುಬಿಡುತ್ತಿದ್ದಳು. ಚಮಚ ಬಾಯಿಯ ಹತ್ತಿರ ಬಂದರೆ ಚಮಚವನ್ನೇ ಕಸಿದುಕೊಳ್ಳುತ್ತಿದ್ದಳು. ಹೊದಿಸಿದ ಹೊದಿಕೆಯನ್ನು ಮಡಿಸಿ ಕಾಲ ಬುಡದಲ್ಲಿ ಇಡುತ್ತಿದ್ದಳು. ಒಂದು ಲೋಟ ನೀರನ್ನೂ ಕೇಳಿ ತರಿಸಿಕೊಂಡು ಕುಡಿದವಳಲ್ಲ. ಬೇರೆಯವರ ಮಗಳು ತನ್ನ ಕಾಲು ಒತ್ತುವುದೆಂದರೆ ಅವಳಿಗೆ ಮೈಯೆಲ್ಲ ಮುಳ್ಳು. ಶಬ್ನಾ ದಿನಕ್ಕೊಮ್ಮೆ ನೆನಪು ಮಾಡುತ್ತಿದ್ದಳು. ಬಲಗೈ ಸತ್ತಿದೆ ಅಕ್ಕ, ಹುಡುಗಿಯರಿಗೂ ಸ್ವಲ್ಪ ಕೆಲಸ ಬಿಡಿ.

ಮಲಗುವುದನ್ನೂ ಕಲಿಯಬೇಕಾಗುತ್ತದೆ. ನಿಧಾನವಾಗಿ ದಮಯಂತಿ ಮೈಯ ಭಾರವನ್ನು ಇನ್ನೊಬ್ಬರ ತೋಳಿಗೆ ಬಿಡುವುದನ್ನು ಕಲಿತಳು. ಅದರ ಜೊತೆಗೆ ಮಾತು. ಹುಡುಗಿಯರು ಪ್ರತಿಯೊಂದು ಕೆಲಸಕ್ಕೂ ಮೊದಲು ಬಗ್ಗಿ, ಕಣ್ಣಿಗೆ ಕಣ್ಣು ಸೇರಿಸಿ, "ದಮಯಂತಿ-ಸಾನ್" ಎಂದು ಕರೆಯಬೇಕು. ಅಜ್ಜಿ ಎನ್ನಬಾರದು, ಅದು ಅಲ್ಲಿ ಮರ್ಯಾದೆಯಲ್ಲ. ಆಮೇಲೆ "ಸಮುಕು ನಾಯ್ ದೆಸ್ ಕಾ" ಎಂದು ಕೇಳಬೇಕು. ಅದಕ್ಕೆ ದಮಯಂತಿ "ದೈಜೋಬು" ಎನ್ನಬೇಕು. ನೋವಿದೆಯಾ ಎಂದು ಕೇಳಿದರೂ ದೈಜೋಬು, ಬಾಯಾರಿಕೆಯಾ ಎಂದು ಕೇಳಿದರೂ ದೈಜೋಬು. ತೊಂದರೆ ಇಲ್ಲ, ನಾನು ಸರಿ ಇದ್ದೇನೆ ಎಂದು ಅದರ ಅರ್ಥ. ಒಂದೇ ಉತ್ತರದಲ್ಲಿ ಎಲ್ಲ ಮುಗಿಯುತ್ತದಲ್ಲ ಎಂದು ಅವಳಿಗೆ ಸುಲಭವಾಯಿತು.

ಮೊದಲ ಸಲ ಮೋಕ್ಷಿತಾ ಭುಜದ ಮೇಲೆ ಕೈಯಿಟ್ಟು ಆ ಪ್ರಶ್ನೆ ಕೇಳಿದಾಗ ದಮಯಂತಿ ಅದರ ಅರ್ಥ ಕೇಳಿದಳು. ನಿಮಗೆ ಚಳಿಯಾಗುವುದಿಲ್ಲವಾ ಎಂದು ಕೇಳುವುದು ಅಕ್ಕ, ಎಂದಳು ಶಬ್ನಾ. ದಮಯಂತಿ ಗೋಡೆಯ ಕಡೆ ಮುಖ ತಿರುಗಿಸಿದಳು. ತನಗೆ ಚಳಿಯಾಗುತ್ತದಾ ಎಂದು ಯಾರಾದರೂ ಕೇಳಿದ್ದು ಯಾವಾಗ ಎಂದು ಹಿಂದಕ್ಕೆ ಹೋಗಿ ಹುಡುಕಿದಳು, ಎಲ್ಲಿಯೂ ಸಿಕ್ಕಲಿಲ್ಲ. ಅಮ್ಮ ಕೇಳಿರಬಹುದು, ತೊಟ್ಟಿಲಲ್ಲಿದ್ದಾಗ. ಹುಡುಗಿಯರು ಕೇಳುತ್ತಿದ್ದದ್ದು ತನಗಾಗಿ ಅಲ್ಲ, ಪರೀಕ್ಷೆಗಾಗಿ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಸಾಯಂಕಾಲ ತೋಡಾರಿನಲ್ಲಿ ಬಸ್ಸಿಳಿಯುವಾಗ ಮರುದಿನದ ಆ ಪ್ರಶ್ನೆಗೆ ಅವಳು ಕಾಯತೊಡಗಿದ್ದಳು. ಭಾನುವಾರಗಳು ಬಹಳ ಉದ್ದವಾದವು.

ಜಪಾನಿನ ಮುದುಕರು ಎಲ್ಲದಕ್ಕೂ ದೈಜೋಬು ಹೇಳುತ್ತಾರೆ, ನಂಬಬೇಡಿ ಎಂದು ಶಬ್ನಾ ಒಮ್ಮೆ ಹುಡುಗಿಯರಿಗೆ ಹೇಳಿದಳು. ಹಾಗಾದರೆ ಎರಡನೆಯ ಸಲ ಕೇಳಬೇಕಾ ಎಂದು ಮೋಕ್ಷಿತಾ ಕೇಳಿದಳು. ಪರೀಕ್ಷೆಯಲ್ಲಿ ಒಂದು ಸಲ ಕೇಳಿದ್ದಕ್ಕೆ ಮಾರ್ಕು ಉಂಟು, ಎರಡನೆಯ ಸಲಕ್ಕೆ ಇಲ್ಲ, ಸಮಯ ಹಾಳು ಮಾಡಬೇಡಿ ಎಂದಳು ಶಬ್ನಾ. ಎಲ್ಲರೂ ಬರೆದುಕೊಂಡರು.

ಮಂಚದ ಮೇಲೆಯೂ ದಮಯಂತಿಯ ಕೈ ಸುಮ್ಮನಿರುತ್ತಿರಲಿಲ್ಲ. ಹೊದಿಕೆಯ ಅಂಚನ್ನು ಹಿಡಿದು ಎರಡೂ ಕೈ, ಸತ್ತ ಬಲಗೈಯೂ ಸೇರಿ, ಬೀಡಿ ಕಟ್ಟುತ್ತಿದ್ದವು. ಒಂದು ದಿನ ಮೋಕ್ಷಿತಾ ಅದನ್ನು ನೋಡಿ, ಟೀಚರ್, ಇದಕ್ಕೆ ಜಪಾನಿಯಲ್ಲಿ ಶಬ್ದ ಉಂಟಾ ಎಂದು ಕೇಳಿದಳು. ಶಬ್ನಾ ಹತ್ತಿರ ಬಂದು ಆ ಕೈಗಳನ್ನು ನೋಡಿದಳು. ಆಮೇಲೆ ಬೋರ್ಡಿನಲ್ಲಿ ಉದ್ದಕ್ಕೆ ಚಿತ್ರದಂಥ ಅಕ್ಷರಗಳನ್ನು ಬರೆದು ಓದಿದಳು: ತೆಮೊಚಿಬುಸತ. ಇದು ನಿಮ್ಮ ಪರೀಕ್ಷೆಗೆ ಬರುವ ಶಬ್ದವಲ್ಲ, ಕಟ್ಟಕಡೆಯ ಮೆಟ್ಟಿಲಿನ ಪರೀಕ್ಷೆಗೆ ಕೂರುವವರು ಕಲಿಯುವಂಥದ್ದು ಎಂದು ಮೊದಲೇ ಹೇಳಿದಳು. ಕೈಯಲ್ಲಿ ಹಿಡಿಯಲಿಕ್ಕೆ ಏನೂ ಇಲ್ಲ, ಮಾಡಲಿಕ್ಕೆ ಏನೂ ಇಲ್ಲ, ಹೊತ್ತು ಹೋಗುವುದಿಲ್ಲ, ಕೈಯನ್ನು ಎಲ್ಲಿ ಇಡಬೇಕೆಂದೂ ಗೊತ್ತಾಗುವುದಿಲ್ಲ. ಆ ಸ್ಥಿತಿಗೆ ಹೆಸರು ಅದು.

ಹುಡುಗಿಯರು ಕನ್ನಡದಲ್ಲಿ ಅದಕ್ಕೆ ಸರಿಯಾದ ಮಾತು ಹುಡುಕತೊಡಗಿದರು. ಒಬ್ಬಳು ಬೋರ್ ಆಗುವುದು ಎಂದಳು. ಅದಲ್ಲ, ಸಿನಿಮಾ ನೋಡುವಾಗಲೂ ಬೋರ್ ಆಗಬಹುದು ಎಂದಳು ಶಬ್ನಾ. ಇನ್ನೊಬ್ಬಳು ಕೈಕಟ್ಟಿ ಕೂರುವುದು ಎಂದಳು. ಅದೂ ಅಲ್ಲ, ಅದು ಬೇಕೆಂದೇ ಕೂರುವುದು. ಕೆಲಸ ಇಲ್ಲದವರು ಎಂದಳು ಮತ್ತೊಬ್ಬಳು. ಅದೂ ಅಲ್ಲ ಎಂದು ಶಬ್ನಾ ಉದಾಹರಣೆ ಕೊಟ್ಟಳು. ಮದುವೆಗೆ ಬೇಗ ಹೋಗಿದ್ದೀರಿ, ಗುರುತಿನವರು ಯಾರೂ ಬಂದಿಲ್ಲ, ಎಲ್ಲರೂ ಅತ್ತಿತ್ತ ಓಡಾಡುತ್ತಿದ್ದಾರೆ, ನೀವೊಬ್ಬರು ಪರ್ಸು ಹಿಡಿದು ಕುರ್ಚಿಯಲ್ಲಿ ಕೂತಿದ್ದೀರಿ, ಆಗ ಹೇಳಬಹುದು. ರಿಟೈರಾದ ಗಂಡಸರು ಹೇಳುತ್ತಾರೆ. ಸಿಗರೇಟು ಬಿಟ್ಟವರಂತೂ ಹೇಳಿಯೇ ಹೇಳುತ್ತಾರೆ. ಈ ಶಬ್ದದ ಬಾಲದಲ್ಲಿರುವ 'ಬುಸತ'ವನ್ನು ಅವರು ಬೇರೆ ಕಡೆಯೂ ಬಳಸುತ್ತಾರೆ, ಬಹಳ ದಿನದಿಂದ ಸುದ್ದಿಯೇ ಇಲ್ಲ, ಕ್ಷಮಿಸಿ ಎಂದು ಹಳಬರಿಗೆ ಹೇಳುವಾಗ.

ಬಾಗಿಲ ಬಳಿ ಕೂತಿದ್ದ ಹುಡುಗಿಯೊಬ್ಬಳು, ಟೀಚರ್, ಇಷ್ಟೆಲ್ಲ ಯಾಕೆ, ದಮಯಂತಿಯಕ್ಕನ ಕೈ ಎಂದು ಬರೆದುಕೊಂಡರೆ ಆಯಿತಲ್ಲ ಎಂದಳು. ಎಲ್ಲರೂ ನಕ್ಕರು, ದಮಯಂತಿಯೂ ನಕ್ಕಳು. ಆದರೆ ಅವಳಿಗೆ ಚುಚ್ಚಿತು. ಸಿಗರೇಟು ಬಿಟ್ಟವರಿಗೆ ಶಬ್ದ ಉಂಟು, ಅವರು ಸೇದುವುದು ಬಿಟ್ಟದ್ದರಿಂದ ಬೀಡಿ ಕಟ್ಟುವುದು ಬಿಟ್ಟವರಿಗೂ ಅದೇ ಶಬ್ದವಾದರೆ ಆಗಲಿ ಎಂದು ಅವಳು ಅದನ್ನು ಬಾಯಲ್ಲಿ ಹಿಡಿದುಕೊಂಡಳು. ಜಗಲಿಯಲ್ಲಿ ವಾರಿಜ ಓದಿದ ಕಥೆಗಳನ್ನೆಲ್ಲ ಅವಳು ಕಿವಿಯಲ್ಲೇ ಹಿಡಿದಿಟ್ಟವಳು. ಒಂದು ಶಬ್ದ ಯಾವ ಲೆಕ್ಕ? ಮನೆಯ ಬಾವಿಕಟ್ಟೆಯಲ್ಲಿ ನೀರೆಳೆಯುವಾಗ ಹೇಳಿ ಹೇಳಿ ಅದು ನಾಲಿಗೆಗೆ ಒಗ್ಗಿತು. ಬಹಳ ದಿನದಿಂದ ಸುದ್ದಿಯೇ ಇಲ್ಲ ಎಂಬ ಬಾಲ ಅವಳಿಗೆ ಹೆಚ್ಚು ಹಿಡಿಸಿತು. ಕೈಗೆ ಕೆಲಸವಿಲ್ಲ ಎಂಬುದಕ್ಕಿಂತ ಕೈಗೆ ಯಾರ ಸುದ್ದಿಯೂ ಇಲ್ಲ ಎಂಬುದೇ ಸರಿ ಎಂದು ಅವಳಿಗೆ ಕಂಡಿತು.

ಬೇಸಿಗೆಯಲ್ಲಿ ಜಪಾನಿನಿಂದ ತನಾಬೆ ಎಂಬ ಹೆಂಗಸು ಬರುವುದೆಂದು ಗೊತ್ತಾಯಿತು. ಅಲ್ಲಿ ಕೆಲವು ವೃದ್ಧರ ಮನೆಗಳನ್ನು ನಡೆಸುವ ಸಂಸ್ಥೆಯವರು ಅವರು. ಹುಡುಗಿಯರ ಕೆಲಸ ನೋಡಿ ಮೆಚ್ಚಿದರೆ ವರ್ಷ ವರ್ಷವೂ ಇಲ್ಲಿಂದಲೇ ಕರೆಸಿಕೊಳ್ಳುತ್ತಾರೆ. ಮೆಚ್ಚದಿದ್ದರೆ ತರಗತಿ ಮುಚ್ಚುವುದೇ. ಹಿಂದಿನ ದಿನ ಶಬ್ನಾ ದಮಯಂತಿಯನ್ನು ಪಕ್ಕಕ್ಕೆ ಕರೆದು ಕೈ ಹಿಡಿದಳು.

"ಅವರು ಒಪ್ಪಿದರೆ ಕ್ಲಾಸು ಉಳೀತದೆ ಅಕ್ಕ. ಕ್ಲಾಸು ಉಳಿದರೆ ನಿಮ್ಮ ಮಂಚವೂ ಉಳೀತದೆ. ನಾಳೆ ಒಂದು ದಿನ ಏನೇ ಆದರೂ ಏಳಬೇಡಿ."

ದಮಯಂತಿ ತಲೆಯಾಡಿಸಿದಳು. ಆ ಮಂಚ ಹೋದರೆ ತನಗೆ ಏನು ಉಳಿಯುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವತ್ತು ದೇವರಿಗೆ ಒಂದು ತೆಂಗಿನಕಾಯಿ ಹೆಚ್ಚೇ ಹೇಳಿಕೊಂಡಳು.

ತನಾಬೆ ಬಂದದ್ದು ಸುಡುಬಿಸಿಲಿನ ಹೊತ್ತಿಗೆ. ಆ ಮಾಳಿಗೆಯ ಕಡಿದಾದ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅವರ ಮುಖ ಕೆಂಪಗಾಗಿತ್ತು. ಎಲ್ಲರೂ ಸಾಲಾಗಿ ನಿಂತು ಬಗ್ಗಿ ನಮಸ್ಕಾರ ಮಾಡಿದರು, ಅವರೂ ಬಗ್ಗಿದರು, ಇವರು ಮತ್ತೆ ಬಗ್ಗಿದರು. ಬಗ್ಗುವ ಗಡಿಬಿಡಿಯಲ್ಲಿ ಬಂದವರಿಗೆ ಒಂದು ತೊಟ್ಟು ನೀರು ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ದಮಯಂತಿ ಮಂಚದಲ್ಲಿ ಅಂಗಾತ ಮಲಗಿ ಮೇಲಿನ ಮಾಡನ್ನು ನೋಡುತ್ತಿದ್ದಳು. ಮನೆಗೆ ಬಂದವರು ಏದುಸಿರು ಬಿಡುತ್ತ ನಿಂತಿರುವಾಗ ಕಾಲು ಚಾಚಿ ಮಲಗುವುದೆಂದರೇನು? ಅವಳು ಹಲ್ಲು ಕಚ್ಚಿ ತಡೆದುಕೊಂಡಳು. ಮೋಕ್ಷಿತಾ ಬಗ್ಗಿ, ಆ ಬೆವರು ಸುರಿಯುವ ಸೆಖೆಯಲ್ಲಿ, ನಿಮಗೆ ಚಳಿಯಾಗುವುದಿಲ್ಲವಾ ಎಂದು ಜಪಾನಿಯಲ್ಲಿ ಕೇಳಿದಳು. ದೈಜೋಬು ಎಂದಳು ದಮಯಂತಿ. ಅಷ್ಟರಲ್ಲಿ ತನಾಬೆಯವರು ತುಟಿ ಸವರಿಕೊಂಡದ್ದು ಅವಳಿಗೆ ಕಂಡುಹೋಯಿತು.

ಆಮೇಲೆ ಆದದ್ದನ್ನು ಹುಡುಗಿಯರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಪಕ್ಷವಾತದ ಮುದುಕಿ ಹೊದಿಕೆ ಸರಿಸಿ ಎದ್ದಳು. ಮಣ್ಣಿನ ಹೂಜೆಯಿಂದ ಲೋಟಕ್ಕೆ ನೀರು ಬಗ್ಗಿಸಿ, ತನ್ನ ಬುತ್ತಿಯ ಚೀಲದಿಂದ ಬೆಲ್ಲದ ತುಂಡು ತೆಗೆದು ತಟ್ಟೆಯಲ್ಲಿಟ್ಟು, ಸತ್ತುಹೋದ ಬಲಗೈಯಲ್ಲೇ ಹಿಡಿದು ತಂದು, "ನೀರ್ ಪರ್ಲೆ", ನೀರು ಕುಡಿಯಿರಿ, ಎಂದು ತುಳುವಿನಲ್ಲಿ ಹೇಳಿ ತನಾಬೆಯವರ ಮುಂದೆ ನಿಂತಳು. ಶಬ್ನಾ ಕಣ್ಣು ಮುಚ್ಚಿಕೊಂಡಳು. ತನಾಬೆ ಎರಡೂ ಕೈಯಲ್ಲಿ ಲೋಟ ತೆಗೆದುಕೊಂಡು ಬೆಲ್ಲ ಕಚ್ಚಿ, ನೀರನ್ನು ಕೊನೆಯ ಹನಿಯ ತನಕ ಕುಡಿದರು. ದಮಯಂತಿ ಲೋಟ ತಿರುಗಿ ಇಸಿದುಕೊಂಡು ಅದರ ಜಾಗದಲ್ಲಿಟ್ಟು, ಮಂಚಕ್ಕೆ ಹೋಗಿ ಮಲಗಿ, ಹೊದಿಕೆ ಎಳೆದುಕೊಂಡು ಮತ್ತೆ ಪಕ್ಷವಾತಕ್ಕೆ ಒಳಗಾದಳು. ತನಾಬೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಗು ನಿಂತ ಮೇಲೆ ಮೋಕ್ಷಿತಾ ಬಿಟ್ಟಲ್ಲಿಂದ ಮುಂದುವರಿಸಿದಳು. ಎಬ್ಬಿಸಿದಳು, ಕೂರಿಸಿದಳು, ಉಣಿಸಿದಳು, ಒಂದೂ ತಪ್ಪಲಿಲ್ಲ. ತನಾಬೆ ಮಂಚದ ಹತ್ತಿರ ಬಂದು ನೋಡುತ್ತಿದ್ದವರು ದಮಯಂತಿಯ ಬೆರಳುಗಳನ್ನು ಕಂಡು, ಕೈಗೆ ಏನಾಗಿದೆ ಎಂದು ಶಬ್ನಾಳ ಹತ್ತಿರ ಕೇಳಿದರು. ಶಬ್ನಾ ಬಾಯಿ ತೆರೆಯುವ ಮೊದಲೇ ದಿಂಬಿನಿಂದ ಉತ್ತರ ಬಂತು.

"ತೆಮೊಚಿಬುಸತ ದೆಸ್."

ತನಾಬೆ ಚಪ್ಪಾಳೆ ತಟ್ಟಿದರು, ಹುಡುಗಿಯರೆಲ್ಲ ತಟ್ಟಿದರು, ಕೆಳಗಿನ ಟೈಲರ್ ಏನಾಯಿತೆಂದು ಮೆಟ್ಟಿಲ ತನಕ ಬಂದ. ದಮಯಂತಿಗೆ ಆ ದಿನದಷ್ಟು ಸಂತೋಷ ಮತ್ತೆ ಆದದ್ದಿಲ್ಲ. ಸಂತೋಷಕ್ಕೆ ಕೈ ನಿಂತೇ ಹೋಗಿತ್ತು, ಅದನ್ನು ಗಮನಿಸಿದವಳು ಅವಳೊಬ್ಬಳೇ.

ತನಾಬೆ ತರಗತಿಯನ್ನು ಒಪ್ಪಿದರು. ಇಳಿಯುವಾಗ ಮಾತ್ರ ಮೆಟ್ಟಿಲಲ್ಲಿ ನಿಂತು ಶಬ್ನಾಳಿಗೆ ಒಂದು ಮಾತು ಹೇಳಿದರು. ಇಷ್ಟು ಗಟ್ಟಿ ಇರುವವರನ್ನು, ಅತಿಥಿ ಬಂದರೆ ಎದ್ದು ನೀರು ಕೊಡುವವರನ್ನು ರೋಗಿ ಎಂದು ಮಲಗಿಸಿ ಕಲಿಸುವುದು ಸರಿಯಲ್ಲ. ಕಲಿಯುವ ಹುಡುಗಿಯರು ಎತ್ತುವಾಗ ಬೀಳಿಸಿದರೆ ಪಾಪ ಅವರಿಗೆ ಪೆಟ್ಟಾಗುವುದಿಲ್ಲವೇ? ತಮ್ಮಲ್ಲಿ ಅದಕ್ಕೆಂದೇ ಮಾಡಿದ ಗೊಂಬೆ ಉಂಟು, ಸಂಸ್ಥೆಯ ಲೆಕ್ಕದಲ್ಲಿ ಒಂದನ್ನು ಕಳಿಸುತ್ತೇವೆ. ದಮಯಂತಿಗೆ ಉಪಕಾರವಾಗಲೆಂದೇ ಅವರು ಹೇಳಿದ್ದು. ಶಬ್ನಾ ಬೇಡವೆನ್ನುವ ಹಾಗಿರಲಿಲ್ಲ, ಹೇಳುವ ಧೈರ್ಯವೂ ಅವಳಿಗೆ ಬರಲಿಲ್ಲ.

ಮಳೆ ಹಿಡಿಯುವ ಮೊದಲು ಉದ್ದದ ಪೆಟ್ಟಿಗೆ ಬಂತು. ಕಪಾಟು ಇರಬೇಕೆಂದು ದಮಯಂತಿ ಸೆರಗು ಸಿಕ್ಕಿಸಿ ತಾನೇ ಒಂದು ತುದಿ ಹಿಡಿದು ಮಾಳಿಗೆಗೆ ಏರಿಸಿದಳು. ಬಿಚ್ಚಿದರೆ ಒಳಗೆ ಒಬ್ಬಳು ಮುದುಕಿ. ನರೆತ ಕೂದಲು, ಸುಕ್ಕು, ಮಡಚುವ ಮೊಣಕಾಲು, ಮನುಷ್ಯರಷ್ಟೇ ಭಾರ. ಶಬ್ನಾ ಎಲ್ಲಿಯೋ ನೋಡುತ್ತ, ಇನ್ನು ನೀವು ಮಲಗುವುದು ಬೇಡ ಅಕ್ಕ, ಚಾ ಮಾಡಿ ಕೋಣೆ ಒರೆಸಿದರೆ ಸಾಕು, ಸಂಬಳ ಅದೇ ಎಂದಳು. ದಮಯಂತಿ ಪೆಟ್ಟಿಗೆಯ ಹಗ್ಗವನ್ನು ಸುರುಳಿ ಸುತ್ತುತ್ತ, ದೈಜೋಬು ಎಂದಳು.

ಹುಡುಗಿಯರು ಗೊಂಬೆಗೆ ಸಕುರಾ-ಸಾನ್ ಎಂದು ಹೆಸರಿಟ್ಟರು. ಅದು ಸಾಕ್ಷಾತ್ ಒಳ್ಳೆಯ ರೋಗಿ. ಚಮಚ ಕಸಿಯುವುದಿಲ್ಲ, ಎದ್ದು ಹೋಗುವುದಿಲ್ಲ, ಬಲಗೈ ಸತ್ತದ್ದನ್ನು ಮರೆಯುವುದಿಲ್ಲ. ಕೋಣೆಗೆ ಅಡ್ಡ ಕಟ್ಟಿದ ತೆರೆಯ ಆಚೆ ಚಾ ಕುದಿಸುತ್ತಿದ್ದ ದಮಯಂತಿಗೆ, ನಿಮಗೆ ಚಳಿಯಾಗುವುದಿಲ್ಲವಾ ಎಂದು ಮೋಕ್ಷಿತಾ ಕೇಳಿದ್ದು ಕೇಳಿಸಿತು. ಗೊಂಬೆ ಏನೂ ಹೇಳಲಿಲ್ಲ. ದೈಜೋಬು ಎಂದು ತೆರೆಯ ಆಚೆಯಿಂದ ದಮಯಂತಿಯ ಬಾಯಿ ತಾನಾಗಿಯೇ ಹೇಳಿಬಿಟ್ಟಿತು. ಹುಡುಗಿಯರು ಕಿಸಕ್ಕೆಂದರು. ಅವಳು ಬಾಯಿಗೆ ಸೆರಗು ಹಿಡಿದುಕೊಂಡಳು. ಅವಳಿಗೆ ಹೊಟ್ಟೆಕಿಚ್ಚಾಯಿತು. ಒಂದು ಗೊಂಬೆಯನ್ನು ನೋಡಿ ಕರುಬುವ ಗತಿ ಬಂತಲ್ಲ ಎಂದು ನಾಚಿಕೆಯೂ ಆಯಿತು. ಆದರೂ ಸಾಯಂಕಾಲ ಬೀಗ ಹಾಕುವ ಮೊದಲು ಗೊಂಬೆಯ ಮೇಲೆ ಹಲ್ಲಿ ಬೀಳದ ಹಾಗೆ ಹೊದಿಕೆ ಎಳೆದು ಬರುತ್ತಿದ್ದಳು.

ಆ ಗುಂಪಿನ ಹುಡುಗಿಯರು ಒಬ್ಬೊಬ್ಬರಾಗಿ ಜಪಾನಿಗೆ ಹೋದರು. ಮೋಕ್ಷಿತಾ ಹೊರಡುವಾಗ ದಮಯಂತಿಯ ಕಾಲಿಗೆ ಬಿದ್ದು ಅತ್ತಳು. ಹೊಸ ಹುಡುಗಿಯರು ಬಂದರು. ಅವರಿಗೆ ದಮಯಂತಿ ಚಾ ಕೊಡುವ ಹೆಂಗಸು. ಅವಳನ್ನು ಸಾನ್ ಎಂದು ಕರೆಯಬೇಕಾದ ಕಾರಣ ಅವರಿಗಿರಲಿಲ್ಲ. ಸುಲೈಮಾನ್‌ನ ಬಾಯಲ್ಲಿ ಮಾತ್ರ ಅವಳಿನ್ನೂ ಜಪಾನಿ ಅಜ್ಜಿ. ಅವನಿಗೆ ಗೊಂಬೆಯ ವಿಷಯ ಅವಳು ಹೇಳಿರಲಿಲ್ಲ.

ಒಂದು ಮಧ್ಯಾಹ್ನ, ಹುಡುಗಿಯರೆಲ್ಲ ಊಟಕ್ಕೆ ಹೋಗಿದ್ದಾಗ ಮೋಕ್ಷಿತಾಳ ವಿಡಿಯೋ ಕಾಲ್ ಬಂತು. ಶಬ್ನಾ ಸ್ವಲ್ಪ ಹೊತ್ತು ಮಾತಾಡಿ, ನಿಮ್ಮನ್ನು ಕೇಳುತ್ತಿದ್ದಾಳೆ ಅಕ್ಕ ಎಂದು ಫೋನನ್ನು ದಮಯಂತಿಯ ಕೈಗೆ ಕೊಟ್ಟು ತಾನೂ ಊಟಕ್ಕೆ ಇಳಿದಳು. ನೆಲ ಒರೆಸುತ್ತಿದ್ದ ದಮಯಂತಿ ಕೈ ಒರೆಸಿಕೊಂಡು ಫೋನು ಹಿಡಿದಳು. ಹುಡುಗಿಯ ಕೆನ್ನೆ ತುಂಬಿತ್ತು, ಹಿಂದಿನ ಕಿಟಕಿಯಾಚೆ ಹಿಮ ಬೀಳುತ್ತಿತ್ತು. ಕೆಲಸದ ನಡುವೆ ಸಿಗುವ ವಿಶ್ರಾಂತಿಯ ಹೊತ್ತಂತೆ. ಹೇಗಿದ್ದೀರಿ ಅಕ್ಕ ಎಂದು ಕೇಳಿದಳು. ದೈಜೋಬು ಎಂದಳು ದಮಯಂತಿ. ಮೋಕ್ಷಿತಾ ನಕ್ಕು, ಅಲ್ಲಿನ ಚಳಿಯ ಕಥೆ, ಅಂಟಂಟು ಅನ್ನದ ಕಥೆ ಹೇಳತೊಡಗಿದಳು. ದಮಯಂತಿ ಕೇಳುತ್ತ, ಫೋನು ಹಿಡಿಯದ ಕೈಯನ್ನು ಫೋನಿಗೆ ಕಾಣದ ಹಾಗೆ ಕೆಳಗೆ ಇಟ್ಟುಕೊಂಡಳು. ಅದು ಸುತ್ತುತ್ತಲೇ ಇತ್ತು.

ನಡುವೆ ಅತ್ತ ಕಡೆ ಗಾಲಿಕುರ್ಚಿಯ ಸದ್ದಾಯಿತು. ಒಂದು ನಿಮಿಷ ಅಕ್ಕ, ಒಬ್ಬರು ಬಂದರು, ಇವರು ದಿನಾ ಈ ಹೊತ್ತಿಗೆ ಈ ಬಾಗಿಲಿಗೆ ಬರುತ್ತಾರೆ, ಏನು ಬೇಕೆಂದು ಮಾತ್ರ ಹೇಳುವುದಿಲ್ಲ ಎಂದು ಮೋಕ್ಷಿತಾ ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟಳು. ದಮಯಂತಿಗೆ ಬಿಳಿ ಮಾಡು ಮಾತ್ರ ಕಾಣುತ್ತಿತ್ತು. ಮೋಕ್ಷಿತಾಳ ಸ್ವರ ಕೇಳಿತು: ಸಮುಕು ನಾಯ್ ದೆಸ್ ಕಾ. ಸಣ್ಣ, ಸೋತ ಸ್ವರವೊಂದು ದೈಜೋಬು ಎಂದಿತು. ನೋವಿದೆಯಾ? ದೈಜೋಬು. ಬಾಯಾರಿಕೆಯಾ? ಅದಕ್ಕೂ ದೈಜೋಬು, ಮೊದಲಿಗಿಂತ ಸ್ವಲ್ಪ ಬೇಗ, ಕೇಳಿದವರಿಗೆ ತೊಂದರೆಯಾಗಬಾರದೆಂಬ ಹಾಗೆ.

ಮೋಕ್ಷಿತಾ ಫೋನಿಗೆ ತಿರುಗಿ ಬಂದು, ನೋಡಿ ಅಕ್ಕ, ದಿನಾ ಇದೇ, ಏನೂ ಬೇಡವಂತೆ ಎಂದಳು.

"ಸುಳ್ಳು ಅದು," ಎಂದಳು ದಮಯಂತಿ.

"ಎಂತದು ಸುಳ್ಳು?"

"ಆ ದೈಜೋಬು. ಹೇಳುವವರಿಗೆ ಗೊತ್ತಾಗ್ತದೆ. ಇನ್ನೊಂದು ಸಲ ಕೇಳು ಮಾರಾಯ್ತಿ."

ಫೋನು ಮತ್ತೆ ಮೇಜಿಗೆ ಹೋಯಿತು, ಮತ್ತೆ ಬಿಳಿ ಮಾಡು. ಕುರ್ಚಿಯ ಪಕ್ಕ ಮಂಡಿಯೂರಿ ಕೂತಳೆಂದು ಸ್ವರ ತಗ್ಗಿದ್ದರಿಂದ ತಿಳಿಯಿತು. ಅದೇ ಪ್ರಶ್ನೆ, ನಿಧಾನವಾಗಿ. ಬಹಳ ಹೊತ್ತು ಏನೂ ಕೇಳಲಿಲ್ಲ. ಲೈನು ಹೋಯಿತೇನೋ ಎಂದು ದಮಯಂತಿ ಫೋನನ್ನು ಕಿವಿಯ ಹತ್ತಿರ ತಂದಳು. ಆಗ ಆ ಮುದುಕಿ, ಒಂದು ಉಸಿರು ಬಿಟ್ಟು, ಬಾವಿಕಟ್ಟೆಯಲ್ಲಿ ದಮಯಂತಿ ಕಲಿತ ಆ ಉದ್ದದ ಶಬ್ದವನ್ನೇ ಹೇಳಿದಳು.

"ತೆಮೊಚಿಬುಸತ ದೆ ನೇ."

ಅದಕ್ಕೆ ದಮಯಂತಿಗೆ ಬೋರ್ಡು ಬೇಕಾಗಲಿಲ್ಲ, ಉದಾಹರಣೆಯೂ ಬೇಕಾಗಲಿಲ್ಲ. ಫೋನು ಎತ್ತಿಕೊಂಡ ಮೋಕ್ಷಿತಾಳ ಕಣ್ಣು ತುಂಬಿತ್ತು.

"ಕೇಳಿತಾ ಅಕ್ಕ? ಎಂತ ಕೊಡಲಿ ಇವರಿಗೆ? ಮಡಿಸ್ಲಿಕ್ಕೆ ಟವೆಲ್ ಉಂಟು."

"ಟವೆಲ್ ಆಮೇಲೆ ಕೊಡು. ಮೊದಲು ಹತ್ತಿರ ಕೂರು. ಕೈ ಹಿಡ್ಕೋ. ಫೋನ್ ಇಡು."

ಮೋಕ್ಷಿತಾ ಇಡಲಿಲ್ಲ. ಅವಳ ಕಣ್ಣು ದಮಯಂತಿಯ ಭುಜದ ಹಿಂದೆ, ಮಂಚದ ಮೇಲೆ ಹೊದಿಕೆ ಹೊದ್ದು ಮಲಗಿದ್ದ ಗೊಂಬೆಯ ಮೇಲೆ ಬಿತ್ತು. ಅಲ್ಲಿಂದ ಬಕೆಟ್ಟಿಗೆ, ನೆಲ ಒರೆಸುವ ಬಟ್ಟೆಗೆ. ಅವಳ ಮುಖ ಬದಲಾಯಿತು.

"ಮತ್ತೆ ನೀವು, ಅಕ್ಕ?"

"ನಾನು ದೈಜೋಬು," ಎಂದಳು ದಮಯಂತಿ. ಹುಡುಗಿ ಎರಡನೆಯ ಸಲ ಕೇಳಲು ಬಾಯಿ ತೆರೆಯುವುದು ಕಂಡಿತು. ಅದಕ್ಕೆ ಮೊದಲೇ ಅವಳು ಕೆಂಪು ಗುಂಡಿ ಒತ್ತಿದಳು. ಫೋನನ್ನು ಶಬ್ನಾಳ ಮೇಜಿನ ಮೇಲಿಟ್ಟು, ಬಟ್ಟೆ ಹಿಂಡಿ, ಉಳಿದ ಅರ್ಧ ಕೋಣೆಯನ್ನು ಒರೆಸಿದಳು.